ಒಳಗಡೆ ಹಿಡಿಕೆ ಇಲ್ಲದ ಬಾಗಿಲು

ಕತ್ತಲಕೋಣೆಯ ಬಾಗಿಲಿಗೆ ಈಗ ಒಳಗಡೆಯೂ ಒಂದು ಹಿಡಿಕೆ ಕೂರಿಸಿದ್ದಾರೆ. ಹಿತ್ತಾಳೆಯದು, ಹೊಸ ಮದುಮಗಳ ಮೂಗುತಿಯ ಹಾಗೆ ಹೊಳೆಯುತ್ತದೆ.

ಹೊಸಮನಿ ಸರ್ ಅವರ ನಿವೃತ್ತಿಯ ಚಹಾಕೂಟಕ್ಕೆಂದು ಹೋದ ವಾರ ಧಾರವಾಡದ ಆ ಹಳೆಯ ಪ್ರಯೋಗಾಲಯಕ್ಕೆ ಹೋಗಿದ್ದೆ. ಮಿಮಿಕ್ರಿ ಮಾಡಲಿಕ್ಕೆ ಕರೆಸಿದ್ದರು. ನನ್ನನ್ನು ಬೇರೆ ಕಾರಣಕ್ಕೆ ಯಾರೂ ಕರೆಸುವುದಿಲ್ಲ. ಮಿರ್ಚಿಭಜಿ ಬರುವುದು ತಡವಾಗಿತ್ತು, ಭಾಷಣಗಳು ಮಾತ್ರ ಸಮಯಕ್ಕೆ ಸರಿಯಾಗಿ ಬಂದಿದ್ದವು. ಮೂರನೆಯ ಭಾಷಣದ ಹೊತ್ತಿಗೆ ಹಿಂದಿನ ಸಾಲಿನಿಂದ ಮೆಲ್ಲಗೆ ಜಾರಿ, ಪಡಸಾಲೆಯ ಕೊನೆಗಿರುವ ಆ ಕೋಣೆಯ ಬಾಗಿಲು ತೆರೆದೆ. ತೆರೆದದ್ದೇ ತಡ, ಆ ವಾಸನೆ ಬಂತು: ನೀರು ಕುಡಿದ ಪ್ಲೈವುಡ್, ಬಿಸಿಯಾದ ಧೂಳು, ಸ್ಪಿರಿಟ್ಟು, ಎಲ್ಲದರ ಮೇಲೆ ತೆಳ್ಳಗೆ ಊದಿನಕಡ್ಡಿ. ನನ್ನ ಬಲಗಾಲು ನನ್ನನ್ನು ಕೇಳದೆಯೇ ಬಾಗಿಲಿನ ಸಂದಿಗೆ ಹೋಗಿ ಅಡ್ಡ ನಿಂತಿತು. ಅಷ್ಟು ವರ್ಷವಾದರೂ ಕಾಲು ಕಲಿತದ್ದನ್ನು ಮರೆತಿಲ್ಲ. ನಾನು ಇಲ್ಲಿ ಕೆಲಸಕ್ಕಿದ್ದಾಗಿನ ಆ ಮಳೆಗಾಲ ಬಾಗಿಲಿಗೆ ಒಳಗಡೆ ಹಿಡಿಕೆಯೇ ಇರಲಿಲ್ಲ.

ನನ್ನ ಕೆಲಸ ಚಿತ್ರ ತೆಗೆಯುವುದಾಗಿತ್ತು. ಹಾಗೆಂದಾಗ ನಮ್ಮ ಉಣಕಲ್ಲಿನ ಕಟಿಂಗ್ ಅಂಗಡಿಯವನು, "ಮದಿವಿ ಆರ್ಡರ್ ಹಿಡೀತೀಯೇನು?" ಎಂದು ಕೇಳಿದ್ದ. ಅಲ್ಲ, ಜೋಳದ ಬೇರಿನ ಚಿತ್ರ ಎಂದೆ. "ಬೇರು ಸ್ಮೈಲ್ ಮಾಡ್ತಾವೇನು?" ಎಂದ. ಅವನ ಆ ದನಿಯನ್ನು ಅಂದೇ ಕಲಿತು ಮರುದಿನ ಪ್ರಯೋಗಾಲಯದಲ್ಲಿ ಬಿಟ್ಟು ನಗಿಸಿದೆ. ನನ್ನ ಸ್ವಭಾವವೇ ಹಾಗೆ. ಯಾರಾದರೂ ಬಾಯಿ ತೆರೆದರೆ ನಾನು ಕಿವಿಯಲ್ಲಿ ಜೇಬು ಹೊಲಿಸಿಕೊಂಡವನ ಹಾಗೆ ಅದನ್ನು ಹಾಕಿಕೊಂಡು ಮನೆಗೆ ಬರುತ್ತಿದ್ದೆ. ನಮ್ಮ ಚರ್ಚಿನ ಪಾಸ್ಟರ್ ಕ್ರಿಸ್‌ಮಸ್ಸಿನ ದಿನ ತಮ್ಮ ಪ್ರಸಂಗವನ್ನು ನನ್ನ ಬಾಯಲ್ಲಿ ಕೇಳಿ, ನಕ್ಕು, ಮುಂದಿನ ವಾರದಿಂದ ಪ್ರಸಂಗವನ್ನು ಗಿಡ್ಡ ಮಾಡಿದ್ದರು. ಮಿಶನ್ ಶಾಲೆಯಲ್ಲಿ ಕಲಿಸುವ ನಮ್ಮ ಅವ್ವ ಮಾತ್ರ ನಕ್ಕಿರಲಿಲ್ಲ. "ದೇವರು ನಿನಗೂ ಒಂದು ದನಿ ಕೊಟ್ಟಾನ. ಅದನ್ನ ಟ್ರಂಕಿನ್ಯಾಗ ಇಟ್ಟು ಮಂದೀ ದನಿ ಬಾಡಗಿ ತಂದು ಉಡ್ತಿ," ಎನ್ನುತ್ತಿದ್ದಳು. ಅದನ್ನೂ ಅವಳ ದನಿಯಲ್ಲೇ ತಿರುಗಿ ಹೇಳಿ ಬೈಸಿಕೊಳ್ಳುತ್ತಿದ್ದೆ.

ಹುದ್ದೆಯ ಹೆಸರು ಪ್ರಾಜೆಕ್ಟ್ ಅಸಿಸ್ಟಂಟ್. ಅಂದರೆ ಪ್ರಾಜೆಕ್ಟ್ ಇರುವ ತನಕ ಅಸಿಸ್ಟಂಟ್, ಆಮೇಲೆ ಬರೀ ಸುನೀಲ. ಎಮ್ಮೆಸ್ಸಿ ಮುಗಿದ ಮೇಲೆ ಇಂಥ ಎರಡು ಹುದ್ದೆಗಳಲ್ಲಿ ಬೇರೆಯವರ ಥೀಸಿಸ್ಸಿಗೆ ಚಿತ್ರ ತೆಗೆದುಕೊಟ್ಟು ಬಂದಿದ್ದೆ. ಮದುವೆಮನೆಯ ಫೋಟೊಗ್ರಾಫರ್ ಯಾವ ಫೋಟೊದಲ್ಲೂ ಇರುವುದಿಲ್ಲವಲ್ಲ, ಹಾಗೆ. ಹೊಸಮನಿ ಸರ್ ಮಾತ್ರ ಒಂದು ಮಾತು ಕೊಟ್ಟಿದ್ದರು. ಮಳೆಗಾಲದ ಕೊನೆಗೆ ಪರಿಶೀಲನಾ ಸಮಿತಿ ಬರುತ್ತದೆ. ಅದು ಪ್ರಾಜೆಕ್ಟನ್ನು ಮತ್ತೆರಡು ವರ್ಷ ಮುಂದುವರಿಸಿದರೆ ನನ್ನನ್ನು ಪಿಎಚ್.ಡಿಗೆ ಹಚ್ಚಿಕೊಳ್ಳುತ್ತಾರೆ. ಮುಂದುವರಿಸದಿದ್ದರೆ ಮಾರ್ಚಿಗೆ ನಾನು ಮತ್ತೆ ಬರೀ ಸುನೀಲ.

ಪ್ರಾಜೆಕ್ಟ್ ಏನೆಂದರೆ, ಅಮ್ಮಿನಬಾವಿಯ ಒಂದು ಹೊಲದಲ್ಲಿ ಹಿಂಗಾರಿ ಜೋಳ ಅಕ್ಕಪಕ್ಕದ ಹೊಲಗಳಿಗಿಂತ ಹೆಚ್ಚು ದಿನ ಹಸಿರಾಗಿ ನಿಲ್ಲುತ್ತದೆ. ಅಲ್ಲಿಯ ಕರಿಮಣ್ಣಿನ ಯಾವುದೋ ಸೂಕ್ಷ್ಮಜೀವಿ ಬೇರಿಗೆ ಅಂಟಿಕೊಂಡು ಅದನ್ನು ಕಾಯುತ್ತಿರಬೇಕು ಎಂಬುದು ಸರ್ ಊಹೆ. ಆ ಮಣ್ಣನ್ನು ತಂದು ಪ್ಲಾಸ್ಟಿಕ್ ಕಪ್ಪುಗಳಲ್ಲಿ ತುಂಬಿ, ಜೋಳ ಮೊಳೆಸಿ, ಕೂದಲಿನಂಥ ಬೇರನ್ನು ಗಾಜಿನ ಪಟ್ಟಿಯ ಮೇಲಿಟ್ಟು, ಸೂಕ್ಷ್ಮಜೀವಿಗೆ ಹತ್ತುವ ಒಂದು ಬಣ್ಣ ಹಾಕಬೇಕು. ಕತ್ತಲಕೋಣೆಯ ಸೂಕ್ಷ್ಮದರ್ಶಕದಲ್ಲಿ ಅದರ ಮೇಲೆ ನೀಲಿ ಬೆಳಕು ಬಿಟ್ಟರೆ, ಜೀವಿ ಇದ್ದಲ್ಲಿ ಹಸಿರಾಗಿ ಹೊಳೆಯುತ್ತದೆ. ಮೊಳಕೆಯ ಕೆಲಸ ರಿಜ್ವಾನಾಳದು, ಚಿತ್ರದ ಕೆಲಸ ನನ್ನದು. ರಿಜ್ವಾನಾ ಸರ್ ಕೈಕೆಳಗೆ ಪಿಎಚ್.ಡಿ ಮಾಡುತ್ತಿದ್ದವಳು, ಅವಳಪ್ಪನಿಗೆ ಹಳೇ ಹುಬ್ಬಳ್ಳಿಯಲ್ಲಿ ಮೋಟರು ಸುತ್ತುವ ಅಂಗಡಿ. ನನ್ನ ಮಿಮಿಕ್ರಿಗೆ ಅವಳು ನಗುತ್ತಿರಲಿಲ್ಲ, ಅಂಕ ಕೊಡುತ್ತಿದ್ದಳು. "ಇವತ್ತಿನ ಪಾಸ್ಟರ್ ಜಸ್ಟ್ ಪಾಸ್," ಎನ್ನುವಳು.

ದಿನಾ ಮುಂಜಾನೆ ಉಣಕಲ್ಲಿನಿಂದ ಬಸ್ಸು. ಹುಬ್ಬಳ್ಳಿ ಧಾರವಾಡದ ರಸ್ತೆಯ ನಡುವೆ ಎರಡೂ ಬದಿಗೆ ಕಬ್ಬಿಣದ ಕಟಾಂಜನ ಹಾಕಿ ಬಸ್ಸಿಗೆಂದೇ ಒಂದು ಓಣಿ ಮಾಡಿದ್ದಾರಲ್ಲ, ಅದರಲ್ಲಿ ಹೋಗುವುದು, ಅದರಲ್ಲೇ ಬರುವುದು. ಆ ಬಸ್ಸಿಗೆ ಎಡಕ್ಕೆ ಹೊರಳುವ ಹಾಗಿಲ್ಲ, ಬಲಕ್ಕೆ ಹೊರಳುವ ಹಾಗಿಲ್ಲ. ಆ ವರ್ಷ ಮಳೆ ಜಿಟಿಜಿಟಿ ಹಿಡಿದದ್ದು ಬಿಡಲೇ ಇಲ್ಲ. ಗಾಜು ಹಬೆ ಹಿಡಿದು ಹೊರಗೆ ಏನೂ ಕಾಣುತ್ತಿರಲಿಲ್ಲ. ಕಿಟಕಿ ತೆರೆಯೋಣವೆಂದರೆ ಎಸಿ ಬಸ್ಸು, ತೆರೆಯಲು ಬರುವುದಿಲ್ಲ. ಅಲ್ಲಿಂದ ಇಳಿದರೆ ಕಿಟಕಿಯೇ ಇಲ್ಲದ ಕತ್ತಲಕೋಣೆ. ಅದರ ಬಾಗಿಲು ಮಳೆಗೆ ಉಬ್ಬಿ ಚೌಕಟ್ಟಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಒಳಗಡೆಯ ಹಿಡಿಕೆ ಯಾವಾಗಲೋ ಕಿತ್ತು ಬಂದು, ರಿಪೇರಿಯ ಅರ್ಜಿಯೂ ನನ್ನ ಹಾಗೇ ಮಂಜೂರಾತಿಗೆ ಕಾಯುತ್ತಿತ್ತು. ಒಳಗಿದ್ದವರು ಕೂಗಬೇಕು, ಹೊರಗೆ ಸ್ಟೂಲಿನ ಮೇಲೆ ಕೂತ ಜವಾನ ಫಕ್ಕೀರಪ್ಪ ಎದ್ದು ಬಂದು ಭುಜ ಕೊಟ್ಟು ತೆರೆಯಬೇಕು.

ನನ್ನ ದನಿಗೆ ಫಕ್ಕೀರಪ್ಪ ಏಳುತ್ತಿರಲಿಲ್ಲ. ಒಂದೆರಡು ದಿನ ಕೂಗಿ ಕೂಗಿ ಬೇಸತ್ತು ಉಪಾಯ ಕಂಡುಕೊಂಡೆ. ಹೊಸಮನಿ ಸರ್ ಮಾತಿಗೆ ಮೊದಲು ಎರಡು ಸಲ ಗಂಟಲು ಸರಿಮಾಡುತ್ತಾರೆ, ಮಾತಿನ ಕೊನೆಗೆ "ತಿಳೀತಿಲ್ಲೋ?" ಎನ್ನುತ್ತಾರೆ. ನಾನು ಒಳಗಿನಿಂದ ಎರಡು ಸಲ ಕೆಮ್ಮಿ, "ಫಕ್ಕೀರಪ್ಪಾ, ಬಾಗಲಾ ತಗಿ, ತಿಳೀತಿಲ್ಲೋ?" ಎಂದರೆ ಸ್ಟೂಲು ಬೀಳುವ ಸದ್ದೇ ಕೇಳಿಸುತ್ತಿತ್ತು. ಬಾಗಿಲು ತೆರೆದು ನನ್ನ ಮೋರೆ ನೋಡಿ, "ನಿನ್ನ ಬಾಯಾಗ ಹುಳಾ ಬೀಳ್ಲಿ!" ಎನ್ನುವನು. ಮೂರು ತಿಂಗಳು ಆ ಬಾಗಿಲಿನಿಂದ ನಾನು ಹೊರಗೆ ಬಂದದ್ದು ಸರ್ ದನಿಯಲ್ಲೇ.

ಮೊದಲ ಮಳೆಗೇ ಕರೆಂಟು ಕುಣಿದಾಡಿ ಸೂಕ್ಷ್ಮದರ್ಶಕದ ದೀಪ ಸುಟ್ಟಿತ್ತು. ಹೊಸದು ಬರುವಷ್ಟರಲ್ಲಿ ಸರ್ ಸೊರಗಿಹೋದರು. ಆ ಯಂತ್ರವನ್ನು ತರಿಸಲು ಅವರು ಅರ್ಧ ನೌಕರಿಯನ್ನೇ ಸವೆಸಿದ್ದರು. ಮಗಳನ್ನು ಆಸ್ಪತ್ರೆಗೆ ಸೇರಿಸಿದವರ ಹಾಗೆ ದಿನಾ ಬಂದು ಅದರ ಮುಂದೆ ನಿಂತು ಹೋಗುತ್ತಿದ್ದರು. ಹೊಸ ದೀಪ ಬಂದ ದಿನ ಯಂತ್ರದ ಮೇಲಿನ ಹಲಗೆಯಲ್ಲಿ ಒಂದು ದೇವರ ಫೋಟೊ ಇಟ್ಟು, ಯಂತ್ರದ ಹಣೆಗೆ ಅರಿಷಿಣ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿದರು. ಮೊದಲೆಲ್ಲ ಅದು ದಸರೆಯ ಖಂಡೆಪೂಜೆಗೆ ಮಾತ್ರ ಇತ್ತು, ಆ ದಿನದಿಂದ ನಿತ್ಯವೂ ಆಯಿತು. ಮುಂಜಾನೆ ನಾವು ಬರುವಷ್ಟರಲ್ಲಿ ಸೂಕ್ಷ್ಮದರ್ಶಕ ಮುತ್ತೈದೆಯ ಹಾಗೆ ತಯಾರಾಗಿ ಕೂತಿರುತ್ತಿತ್ತು.

ಅದಾಗಿ ಸ್ವಲ್ಪ ದಿನಕ್ಕೆ ಬೇರಿನ ಮೇಲೆ ಹಸಿರು ಚುಕ್ಕೆಗಳು ಕಾಣಿಸಿಕೊಂಡವು. ಕಪ್ಪು ಪರದೆಯ ಮೇಲೆ ತೆಳ್ಳನೆಯ ಬೇರು, ಅದರ ಸುತ್ತ ಮುಂಗಾರಿನ ಮಿಣುಕುಹುಳುವಿನಂಥ ಹೊಳಪು. ಸರ್ ಪರದೆಯ ಮುಂದೆ ಬಹಳ ಹೊತ್ತು ಬಾಗಿ ನಿಂತರು. ಎರಡು ಸಲ ಗಂಟಲು ಸರಿಮಾಡಿದರು. ಕೊನೆಗೆ, "ಬಂದರು ನೋಡೋ ತಮ್ಮಾ. ಅತಿಥಿಗಳು ಬಂದರು," ಎಂದರು. ಅಂದಿನಿಂದ ಅವಕ್ಕೆ ಅತಿಥಿಗಳೆಂದೇ ಹೆಸರಾಯಿತು. ಸಮಿತಿಗೆ ತೋರಿಸಲು ಚಿತ್ರಗಳು ರಾಶಿ ಬಿದ್ದವು. ರಿಜ್ವಾನಾಳ ಥೀಸಿಸ್ಸಿನ ದೊಡ್ಡ ಅಧ್ಯಾಯಕ್ಕೆ ಅದೇ ಹೆಸರು ಇಡೋಣವೆಂದು ಸರ್ ಚೇಷ್ಟೆ ಮಾಡಿದರು. ನಾನು ಬಸ್ಸಿನಲ್ಲಿ ಕೂತು ಹೆಸರಿನ ಮುಂದೆ ಡಾಕ್ಟರ್ ಹಚ್ಚಿ ಹಬೆ ಹಿಡಿದ ಗಾಜಿನ ಮೇಲೆ ಬರೆದು ನೋಡಿದೆ. ಛಲೋ ಕಾಣುತ್ತಿತ್ತು.

ಶ್ರಾವಣದಲ್ಲಿ ಸರ್‌ಗೆ ಜ್ವರ ಬಂದು ಒಂದು ವಾರ ಮನೆಯಲ್ಲೇ ಉಳಿದರು. ಆ ವಾರ ಗಾಜಿನ ಪಟ್ಟಿಗಳ ಹೊಸ ಡಬ್ಬಿ ತೆಗೆದೆವು. ಅತಿಥಿಗಳು ಬರಲಿಲ್ಲ. ಅದೇ ಮಣ್ಣು, ಅದೇ ಜೋಳ, ಅದೇ ಬಣ್ಣ. ಬೇರು ಮಾತ್ರ ಒಬ್ಬಂಟಿ ವಿಧುರನ ಹಾಗೆ ಮಲಗಿತ್ತು. ರಿಜ್ವಾನಾ ತಲೆ ಕೆಟ್ಟು ನೀರು ಬದಲಿಸಿದಳು, ಕಪ್ಪು ಬದಲಿಸಿದಳು. ಸರ್ ತಿರುಗಿ ಬಂದ ಎರಡು ದಿನಕ್ಕೆ ಅತಿಥಿಗಳೂ ಬಂದರು.

"ಅತಿಥಿಗಳು ನಮ್ಮನ್ನ ನೋಡಾಕ ಬರೂದಿಲ್ರಿ ಸರ್," ಎಂದು ನಾನು ಪಾಸ್ಟರ್ ದನಿಯಲ್ಲಿ ಹೇಳಿದೆ, "ಬರೇ ನಿಮ್ಮನ್ನ ಮಾತಾಡ್ಸಿ ಹೋಗಾಕ ಬರ್ತಾರ."

ಸರ್ ಹೊಟ್ಟೆ ಹಿಡಿದು ನಕ್ಕರು. ನಾನೂ ನಕ್ಕೆ. ನಗುತ್ತ ಕತ್ತಲಕೋಣೆಗೆ ಹೋಗಿ ಕೂತ ಮೇಲೆ ಆ ನಗು ಎಲ್ಲೋ ಸಿಕ್ಕಿಕೊಂಡಿತು. ಯಂತ್ರದ ಹಣೆ ನೋಡಿದೆ, ಹಳದಿ. ಮೇಲೆ ಫೋಟೊ, ಅದರ ಮುಂದೆ ಉದುರಿದ ಅರಿಷಿಣದ ಪುಡಿ. ಅದರ ಮೇಲೆ ಎಸಿಯ ಬಾಯಿ, ಗಾಳಿ ಸೀದಾ ಕೆಳಗೆ ಬೀಸುತ್ತಿದೆ. ಕೆಳಗೆ ಗಾಜಿನ ಪಟ್ಟಿಗಳ ಡಬ್ಬಿ, ಮುಚ್ಚಳ ತೆರೆದದ್ದು. ಬೇರಿಲ್ಲ, ಬಣ್ಣವಿಲ್ಲ, ಏನೂ ಹಾಕದ ಒಂದು ಖಾಲಿ ಗಾಜನ್ನು ಅದರಿಂದ ತೆಗೆದು ನೀಲಿ ಬೆಳಕಿನಡಿ ಇಟ್ಟೆ. ಅತಿಥಿಗಳು ಖಾಲಿ ಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಅರಿಷಿಣವೂ ನೀಲಿ ಬೆಳಕಿಗೆ ಹಸಿರಾಗಿಯೇ ಹೊಳೆಯುತ್ತದೆ.

ಖಾಲಿ ಗಾಜನ್ನು ನಾವು ನೋಡಿರಲಿಲ್ಲವೆಂದಲ್ಲ. ದೀಪ ಸುಡುವ ಮೊದಲು ಒಮ್ಮೆ ನೋಡಿ ಚಿತ್ರ ತೆಗೆದಿದ್ದೆವು, ಅಪ್ಪಟ ಕಪ್ಪು. ಆಗ ಪೂಜೆ ಇನ್ನೂ ನಿತ್ಯದ್ದಾಗಿರಲಿಲ್ಲ. ಅದೊಂದೇ ಚಿತ್ರವನ್ನು ಎಲ್ಲ ಕಡೆಗೂ ಸಾಕ್ಷಿಯಾಗಿ ಹಚ್ಚುತ್ತ ಬಂದಿದ್ದೆವು.

ರಿಜ್ವಾನಾಳನ್ನು ಕರೆದೆ. "ಅತಿಥಿಗಳು ಅರಿಷಿಣ ಅದಾರ," ಎಂದೆ.

"ಇದು ಯಾರ ದನಿ? ಹತ್ತಕ್ಕ ಎರಡು," ಎಂದಳು.

"ಮಿಮಿಕ್ರಿ ಅಲ್ಲ. ಖರೇ ಹೇಳಾಕತ್ತೇನಿ."

"ಖರೇ ಹೇಳೂದೂ ಮಿಮಿಕ್ರಿ ಮಾಡಾಕ ಬರ್ತತಿ ನಿನಗ," ಎನ್ನುತ್ತ ಬಂದು ನೋಡಿದಳು. ಇನ್ನೊಂದು ಗಾಜು ಇಟ್ಟು ನೋಡಿದಳು. ಆಮೇಲೆ ಸ್ಟೂಲಿನ ಮೇಲೆ ಕೂತು ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ಅವಳ ಅಧ್ಯಾಯ ಆ ಗಾಜಿನ ಮೇಲೆ ಪುಡಿಯಾಗಿ ಬಿದ್ದಿತ್ತು.

"ಸರ್‌ಗೆ ಹೇಳಬೇಕು," ಎಂದಳು.

"ಹೇಳಬೇಕು."

"ನೀ ಹೇಳು."

"ನೀ ಹೇಳು. ನಿನ್ನ ಥೀಸಿಸ್ಸು."

ಅವಳು ನನ್ನನ್ನು ನೋಡಿದಳು. "ಸುನೀಲ, ಸ್ವಲ್ಪ ತಲಿ ಓಡ್ಸು. ಹೋಗಿ ನಿಂತು ಏನಂತ ಹೇಳೂದು? 'ಸರ್, ನಿಮ್ಮ ಪೂಜಾದಿಂದ ಎಲ್ಲಾ ಕೆಟ್ಟೈತಿ' ಅಂತ? ಯಾರು ಹೇಳೂದು? ರಿಜ್ವಾನಾ ಹೇಳೂದೇನು, ಮಿಶನ್ ಸಾಲಿ ಟೀಚರ್ ಮಗಾ ಹೇಳೂದು?"

ಸರ್ ಅಂಥವರಲ್ಲ, ಅದು ನಮ್ಮಿಬ್ಬರಿಗೂ ಗೊತ್ತು. ಈದ್ ಹಬ್ಬದ ದಿನ ಅವಳ ಮನೆಗೆ ಹೋಗಿ ಶೀರಕುರ್ಮಾ ಕುಡಿದು ಇನ್ನೊಂದು ಬಟ್ಟಲು ಕೇಳುವವರು. ನನ್ನವ್ವನ ಕೇಕಿಗೆ ಡಿಸೆಂಬರ್ ಮೊದಲ ವಾರದಿಂದಲೇ ವಶೀಲಿ ಹಚ್ಚುವವರು. ಆದರೆ ಮಾತು ಸರ್ ಕೋಣೆಯಲ್ಲೇ ನಿಲ್ಲುತ್ತದೆಯೇ? ಪಡಸಾಲೆಗೆ ಬರುತ್ತದೆ, ಕ್ಯಾಂಟೀನಿಗೆ ಹೋಗುತ್ತದೆ. ಅಲ್ಲಿಂದ ಅದು ಯಾರ ಯಾರ ಬಾಯಲ್ಲಿ ಯಾವ ದನಿಯಾಗುತ್ತದೆ ಎಂಬುದು ಮಿಮಿಕ್ರಿ ಮಾಡುವವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಅಷ್ಟೇ ಅಲ್ಲ. ಹೇಳಿದರೆ ಸಮಿತಿಗೆ ತೋರಿಸಲು ಏನೂ ಉಳಿಯುವುದಿಲ್ಲ, ಹೇಳದಿದ್ದರೆ ಅರಿಷಿಣದ ಮೇಲೆ ನಾನು ಡಾಕ್ಟರಾಗಬೇಕು. ಎಡಕ್ಕೂ ಕಟಾಂಜನ, ಬಲಕ್ಕೂ ಕಟಾಂಜನ.

ಮರುದಿನ ಡಬ್ಬಿಯ ಗಾಜುಗಳನ್ನೆಲ್ಲ ತೊಳೆದು ಮುಚ್ಚಳ ಹಾಕಿದೆ. ಎರಡು ದಿನ ಅತಿಥಿಗಳು ಬರಲಿಲ್ಲ. ಸರ್ ರಿಜ್ವಾನಾಳ ಮೇಲೆ ಹರಿಹಾಯ್ದರು: "ಸಮಿತಿ ಬರೂ ಹೊತ್ತಿನ್ಯಾಗ ನೀರು ಎಷ್ಟು ಹಾಕಾಕತ್ತಿ ನೀನು? ಸಸಿ ಬೆಳಸಾಕತ್ತಿಯೋ ಈಜು ಕಲಸಾಕತ್ತಿಯೋ?" ಅವಳು ನನ್ನ ಕಡೆ ನೋಡದೆ ನಿಂತು ಕೇಳಿಸಿಕೊಂಡಳು. ಮೂರನೆಯ ದಿನ ಸರ್ ಕಣ್ಣಿಗೆ ಡಬ್ಬಿಯ ಮುಚ್ಚಳ ಬಿತ್ತು. "ಈ ಹಸೀ ಹವಾಕ್ಕ ಮುಚ್ಚಿಟ್ರ ಗಾಜಿಗೆ ಬೂಸ್ಟು ಬರ್ತತಿ, ತಿಳೀತಿಲ್ಲೋ?" ಎಂದು ತಾವೇ ತೆಗೆದಿಟ್ಟರು.

ಒಂದು ಮಧ್ಯಾಹ್ನ ಗಟ್ಟಿ ಮನಸ್ಸು ಮಾಡಿ ಸರ್ ಕೋಣೆಗೆ ಹೋದೆ. ಕೈ ಕಟ್ಟಿ ನಿಂತೆ. "ಸರ್, ಒಂದು ಮಾತು ಹೇಳೂದಿತ್ರಿ," ಎಂದೆ.

ಸರ್ ಕನ್ನಡಕ ಏರಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಮುಖ ಅರಳಿತು. "ಯಾರದೋ ಇದು? ಇಷ್ಟು ಸಂಭಾವಿತ ದನಿ? ತಡೀ ತಡೀ, ಹೇಳಬ್ಯಾಡ. ಲೈಬ್ರರಿಯನ್ನಾ?"

"ಹೌದ್ರಿ ಸರ್," ಎಂದು ಬಂದುಬಿಟ್ಟೆ.

ಸಮಿತಿ ಬರುವುದಕ್ಕೆ ಮುಂಚಿನ ಶನಿವಾರ ರಿಹರ್ಸಲ್. ಅದು ನಮ್ಮ ಪ್ರಯೋಗಾಲಯದ ಪದ್ಧತಿ, ಸರ್ ಹಾಕಿದ್ದು. ಪರಿಶೀಲನೆಗೆ ಮೊದಲು ಒಂದು ಸಲ ಪೂರ್ತಿ ನಾಟಕ ಆಗಬೇಕು, ಸಮಿತಿಯವರ ಪಾತ್ರ ನಾನು ಮಾಡಬೇಕು. ಸಮಿತಿಯ ಹಿರಿಯರು ಪುಣೆಯ ಒಬ್ಬ ಮೇಡಂ. ಹಿಂದಿನ ವರ್ಷ ಬಂದಾಗಲೇ ಅವರನ್ನು ಜೇಬಿಗೆ ಹಾಕಿಕೊಂಡಿದ್ದೆ. ಅರ್ಧ ಕನ್ನಡ, ಅರ್ಧ ಮರಾಠಿ. ಎಲ್ಲ ಕೇಳಿ, ಕನ್ನಡಕ ತೆಗೆದು ಸೆರಗಿನಿಂದ ಒರೆಸಿ, "ಛಾನ್, ಛಾನ್… ಪಣ," ಎಂದರೆ ಎದುರಿನವನ ಕಥೆ ಮುಗಿದ ಹಾಗೆ. ಮರಾಠಿಯಲ್ಲಿ 'ಛಾನ್' ಎಂದರೆ 'ಚೆಂದ', 'ಪಣ' ಎಂದರೆ 'ಆದರೆ'.

ರಿಜ್ವಾನಾಳ ದುಪಟ್ಟಾವನ್ನೇ ಇಸಿದುಕೊಂಡು ಹೆಗಲಿಗೆ ಹಾಕಿ, ಮೇಡಂ ಆಗಿ ಕೂತೆ. ಬಾಗಿಲಲ್ಲಿ ನಿಂತ ಫಕ್ಕೀರಪ್ಪ ಆಗಲೇ ನಗುತ್ತಿದ್ದ. ಸರ್ ಪರದೆಯ ಮೇಲೆ ಚಿತ್ರಗಳನ್ನು ತೋರಿಸುತ್ತ ಮಾತಾಡಿದರು. ಅಷ್ಟು ಚೆಂದ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಕರಿಮಣ್ಣು, ಬೇರು, ಬೇರಿನ ಬಾಗಿಲಲ್ಲಿ ಅತಿಥಿ. ಕೊನೆಗೆ ಆ ಹಳೆಯ ಕಪ್ಪು ಚಿತ್ರ ತೋರಿಸಿ, "ಇದು ಖಾಲಿ ಗಾಜ್ರಿ ಮೇಡಂ. ಇಲ್ಲಿ ಏನೂ ಇಲ್ಲ," ಎಂದರು.

ನಾನು ಇಲ್ಲದ ಕನ್ನಡಕ ತೆಗೆದೆ. ದುಪಟ್ಟಾದಿಂದ ಒರೆಸಿದೆ. "ಛಾನ್, ಛಾನ್," ಎಂದೆ. ಮೇಡಂ ದನಿ ನಡುಗಲಿಲ್ಲ, ಅದು ನನ್ನದಲ್ಲವಲ್ಲ. "ಪಣ ಡಾಕ್ಟರ್, ಹೇ ಖಾಲಿ ಗಾಜು ಕಧೀಚಾ? ಯಾವಾಗಿಂದು?"

"ಜೂನ್‌ದು ಮೇಡಂ."

"ಜೂನ್ ಹೋಯ್ತು. ಇವತ್ತಿಂದು ತೋರಿಸಾ."

ರಿಜ್ವಾನಾ ಬರೆಯುತ್ತಿದ್ದ ಪೆನ್ನು ನಿಂತಿತು. ಸರ್ ನಾಟಕದ ಹುರುಪಿನಲ್ಲಿದ್ದರು. "ಅದಕ್ಕೇನ್ರಿ, ಬರ್ರಿ ಮೇಡಂ, ಹಿಂಗ ಬರ್ರಿ," ಎಂದು ಕೈ ತೋರಿಸುತ್ತ ಮುಂದೆ ನಡೆದರು. ಮೂವರೂ ಕತ್ತಲಕೋಣೆಗೆ ಹೋದೆವು. ಫಕ್ಕೀರಪ್ಪ ಹೊರಗಿನಿಂದ ಬಾಗಿಲು ದಬ್ಬಿ ಮುಚ್ಚಿದ.

ಸರ್ ತಾವೇ ಡಬ್ಬಿಯಿಂದ ಗಾಜು ತೆಗೆದಿಟ್ಟು ನೋಡಿದರು. ತಲೆ ಎತ್ತಿ ಕಣ್ಣುಜ್ಜಿ ಮತ್ತೆ ನೋಡಿದರು. ಇನ್ನೊಂದು ಇಟ್ಟರು. ಇನ್ನೊಂದು. ಹಸಿರು ಬೆಳಕು ಪರದೆಯಿಂದ ಅವರ ಮುಖದ ಮೇಲೆ ಬಿದ್ದಿತ್ತು. ಆಮೇಲೆ ತಮ್ಮ ಬಲಗೈಯ ಉಂಗುರ ಬೆರಳನ್ನು ಮುಖದ ಹತ್ತಿರ ತಂದು ನೋಡಿಕೊಂಡರು. ಮುಂಜಾನೆಯ ಹಳದಿ ಉಗುರಿನ ಸಂದಿಯಲ್ಲಿ ಹಾಗೇ ಇತ್ತು. ಸ್ಪಿರಿಟ್ಟಿನಲ್ಲಿ ತೊಳೆದ ಗಾಜಿನ ಮೇಲೆ ಆ ಬೆರಳನ್ನು ಒಮ್ಮೆ ಒತ್ತಿ ಬೆಳಕಿನಡಿ ಇಟ್ಟರು. ಪರದೆ ತುಂಬ ಅತಿಥಿಗಳು, ಜಾಗ ಸಾಲದಷ್ಟು.

ಎಸಿ ಮೇಲಿನಿಂದ ಬೀಸುತ್ತಿತ್ತು. ಸರ್ ಹೊರಗೆ ಹೋಗಬೇಕೆಂದು ಬಾಗಿಲ ಕಡೆ ತಿರುಗಿ ಹಿಡಿಕೆಗಾಗಿ ತಡಕಾಡಿದರು. ಎರಡು ಸಲ ಗಂಟಲು ಸರಿಮಾಡಿ, "ಫಕ್ಕೀರಪ್ಪಾ, ಬಾಗಲಾ ತಗಿ," ಎಂದರು.

"ಏ ಸುನ್ಯಾ, ಸಾಕ್ ಬಿಡಪಾ," ಎಂದಿತು ಹೊರಗಿನ ದನಿ. "ದಿನಾ ಅದ ಆತು, ಇವತ್ತ ಸರ್ ಮುಂದೂ ಅದ. ಆ ಸರ್ ದನಿ ಬಿಟ್ಟು ಬ್ಯಾರೆ ಏನರ ಮಾಡು."

"ಫಕ್ಕೀರಪ್ಪಾ, ನಾನು ಹೊಸಮನಿ ಅದೇನಿ!"

"ಹೌದಪಾ. ನಾನೂ ಕುಲಪತಿ ಅದೇನಿ."

ಬೇರೆ ದಿನವಾಗಿದ್ದರೆ ನಕ್ಕು ಸಾಯುತ್ತಿದ್ದೆ. ಸರ್ ಇನ್ನೊಮ್ಮೆ ಕೂಗಲಿಲ್ಲ. ಹಿಂದೆ ಬಂದು ಸ್ಟೂಲಿನ ಮೇಲೆ ಕೂತರು. ಅವರದೇ ಪ್ರಯೋಗಾಲಯ, ಅವರದೇ ದನಿ. ಎರಡನ್ನೂ ನಾನು ಬಳಸಿ ಬಳಸಿ ಸವೆಸಿಟ್ಟಿದ್ದೆ. ಅಲ್ಲಿಂದಲೇ ಅವರು ಕೇಳಿದರು, "ಮೇಡಂ, ನಿಮಗ ಯಾವಾಗಿಂದ ಗೊತ್ತೈತ್ರಿ?"

ಅವರು ನಾಟಕ ಬಿಟ್ಟಿರಲಿಲ್ಲ, ಅಥವಾ ನನಗಾಗಿ ಅದನ್ನು ಹಿಡಿದುಕೊಂಡಿದ್ದರು. ನಾನೂ ಮೇಡಂ ದನಿಯಲ್ಲೇ ಹೇಳಿದೆ: "ತುಮ್ಹಾಲಾ ಜ್ವರ ಬಂತಲ್ಲ, ಅವಾಗಿಂದ."

"ಹಂಗಾರ ಯಾಕ ಹೇಳಲಿಲ್ರಿ?"

ಮೇಡಂ ಬಳಿ ಅದಕ್ಕೆ ಉತ್ತರವಿರಲಿಲ್ಲ. ಪಾಸ್ಟರ್ ಬಳಿ, ಲೈಬ್ರರಿಯನ್ ಬಳಿ, ಕಟಿಂಗ್ ಅಂಗಡಿಯವನ ಬಳಿ, ಯಾರ ಬಳಿಯೂ ಇರಲಿಲ್ಲ. ರಿಜ್ವಾನಾ ಹೇಳಿದಳು, "ನಾವಿಬ್ರೂ ಹೇಳೂ ಹಂಗಿರಲಿಲ್ರಿ ಸರ್."

"ಯಾಕವಾ? ಪ್ರಾಜೆಕ್ಟ್ ಹೋಗ್ತತಿ ಅಂತ?"

"ಅದೂ ಇತ್ರಿ," ಎಂದಳು. ಅಷ್ಟಕ್ಕೇ ನಿಲ್ಲಿಸಿದಳು.

ಸರ್ ಅವಳ ಕಡೆ ನೋಡಿದರು, ನನ್ನ ಕಡೆ ನೋಡಿದರು, ಹಲಗೆಯ ಮೇಲಿನ ಫೋಟೊದ ಕಡೆ ನೋಡಿದರು. ಅವರಿಗೆ ತಿಳಿದದ್ದು ನಿಧಾನವಾಗಿ ಮುಖದ ಮೇಲೆ ಇಳಿಯಿತು. ಪುಡಿಯಾದ ಆವಿಷ್ಕಾರವನ್ನು ಕಂಡಾಗಲೂ ಅಷ್ಟು ಕುಗ್ಗಿರಲಿಲ್ಲ ಆ ಮುಖ. "ನನ್ನ ಮುಂದ ಹೇಳಾಕ…" ಎಂದರು. "ನನ್ನ ಮುಂದ." ತಿಳೀತಿಲ್ಲೋ ಎಂದು ಕೇಳಲಿಲ್ಲ.

ಕೊನೆಗೆ ಎದ್ದು ನನ್ನ ಹೆಗಲ ಮೇಲಿನ ದುಪಟ್ಟಾ ತೆಗೆದು ರಿಜ್ವಾನಾಳ ಕೈಗೆ ಕೊಟ್ಟರು. "ಬಾಗಲಾ ತಗಸೋ ತಮ್ಮಾ," ಎಂದರು. "ನನ್ನ ದನಿಯಾಗ ಬ್ಯಾಡ."

ಬಾಗಿಲ ಮುಂದೆ ನಿಂತೆ. "ಫಕ್ಕೀರಪ್ಪಾ, ಬಾಗಲಾ ತಗೀ. ನಾನು, ಸುನೀಲ."

ಹೊರಗೆ ಸ್ಟೂಲು ಕಿರ್ರೆಂದಿತು. "ಯಾಂವ?"

"ಸುನೀಲ."

"ಯಾವ ಸುನೀಲ?"

ಏನು ಹೇಳಬೇಕು? ಅವನ ತಪ್ಪಿಲ್ಲ. ಆ ದನಿಯನ್ನು ಅವನು ಕೇಳಿದ್ದಾದರೂ ಯಾವಾಗ? "ಫೋಟೊ ತೆಗೆಯೂ ಸುನೀಲ," ಎಂದೆ. ಬಾಗಿಲು ತೆರೆಯಿತು. ಫಕ್ಕೀರಪ್ಪ ಮೊದಲು ನನ್ನನ್ನು, ಆಮೇಲೆ ಹಿಂದೆ ನಿಂತ ಸರ್ ಅವರನ್ನು ನೋಡಿ, ಗೋಡೆಗೆ ಅಂಟಿಕೊಂಡ. ಸರ್ ಅವನ ಭುಜ ತಟ್ಟಿ ಹೋದರು.

ಸೋಮವಾರ ಮುಂಜಾನೆ ಹೋದಾಗ ಹಲಗೆಯ ಮೇಲೆ ಫೋಟೊ ಇರಲಿಲ್ಲ, ಸರ್ ಕೋಣೆಯಲ್ಲಿತ್ತು. ಯಂತ್ರದ ಹಣೆ ಒರೆಸಿತ್ತು. ಸರ್ ಬಂದು, ಎರಡೂ ಕೈ ಸಾಬೂನಿನಿಂದ ತೊಳೆದು ಒರೆಸಿಕೊಂಡು, ಯಂತ್ರವನ್ನು ಬರಿಗೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡರು. ಆಮೇಲೆ ಅದೇ ಅವರ ನಿತ್ಯಪೂಜೆಯಾಯಿತು. ನನ್ನ ಕಡೆ ತಿರುಗಿ, "ಬರೂ ಮುಂದ ನಿಮ್ಮವ್ವನ ಕೇಕ್ ಒಳಗ ತರಬ್ಯಾಡಪಾ. ಅದ್ರಾಗೂ ಏನರ ಹೊಳದೀತು," ಎಂದರು. ನಗಬೇಕೋ ಬೇಡವೋ ತಿಳಿಯದೆ ನಾನೂ ರಿಜ್ವಾನಾಳೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಸಮಿತಿ ಬಂತು. ಸರ್ ಚಿತ್ರಗಳನ್ನು ತೋರಿಸುವ ಮೊದಲೇ ಎಲ್ಲ ಹೇಳಿಬಿಟ್ಟರು. ಪುಡಿ ಯಾರ ಕೈಯಿಂದ ಬಿದ್ದದ್ದು ಎಂಬುದನ್ನೂ. ಪುಣೆಯ ಮೇಡಂ ಕನ್ನಡಕ ತೆಗೆದು ಒರೆಸಿದರು, "ಪಣ" ಎನ್ನಲಿಲ್ಲ. ಹೋಗುವಾಗ ಪಡಸಾಲೆಯಲ್ಲಿ ಅವರು ಇನ್ನೊಬ್ಬರಿಗೆ ಹೇಳುತ್ತಿದ್ದದ್ದು ನನ್ನ ಜೇಬುಗಿವಿಗೆ ಬಿತ್ತು: ಖಾಲಿ ಗಾಜಿನ ವಿಚಾರ ತಮಗೆ ಹೊಳೆದೇ ಇರಲಿಲ್ಲ, ಅವರು ಕೇಳಬೇಕೆಂದುಕೊಂಡು ಬಂದದ್ದು ಬರೀ ಮಣ್ಣಿನ ಬಗ್ಗೆ. ಅಂದರೆ ಆ ಪ್ರಶ್ನೆಯನ್ನು ಮೇಡಂ ಯಾವತ್ತೂ ಕೇಳುತ್ತಿರಲಿಲ್ಲ. ಕೇಳಿದ್ದು ನಾನೇ.

ಪ್ರಾಜೆಕ್ಟ್ ಮುಂದುವರಿಯಲಿಲ್ಲ. ರಿಜ್ವಾನಾ ಆ ಅಧ್ಯಾಯವನ್ನು ಮೊದಲಿನಿಂದ ಬರೆದು ತಡವಾಗಿ ಡಾಕ್ಟರಾದಳು. ನಾನು ಮಾರ್ಚಿಗೆ ಬರೀ ಸುನೀಲನಾಗಿ, ಈಗ ಇನ್ನೊಂದು ಕ್ಯಾಂಪಸ್ಸಿನಲ್ಲಿ ಇನ್ನೊಂದು ಸೂಕ್ಷ್ಮದರ್ಶಕದ ಮುಂದೆ ಕೂತಿದ್ದೇನೆ. ಆರು ತಿಂಗಳಿಗೊಮ್ಮೆ ಮುಂದುವರಿಯುತ್ತೇನೆ. ಅದೇ ಕಟಾಂಜನದ ಓಣಿ, ಅದೇ ಬಸ್ಸು, ಇಳಿಯುವ ಸ್ಟಾಪು ಮಾತ್ರ ಬೇರೆ. ಮುಂಜಾನೆ ಮೊದಲು ಇಡುವುದು ಖಾಲಿ ಗಾಜನ್ನು. ಅಲ್ಲಿಯ ಹುಡುಗರು ನನಗೆ ಖಾಲಿ ಗಾಜು ಅಂತಲೇ ಹೆಸರಿಟ್ಟಿದ್ದಾರೆ. ಮಿಮಿಕ್ರಿ ಬಿಟ್ಟಿಲ್ಲ. ಹುಟ್ಟಿನಿಂದ ಬಂದದ್ದು ಬಿಟ್ಟೀತೇ?

ಅವತ್ತು ಚಹಾಕೂಟದ ದಿನ ಆ ಕೋಣೆಯಲ್ಲಿ ನಿಂತು ಇದೆಲ್ಲ ನೆನೆಯುತ್ತಿದ್ದಾಗ ದೂರದಿಂದ ಚಪ್ಪಾಳೆ ಕೇಳಿಸಿತು. ಭಾಷಣ ಮುಗಿದಿತ್ತು, ಇನ್ನು ನನ್ನ ಸರದಿ. ಹೊಸ ಹಿತ್ತಾಳೆಯ ಹಿಡಿಕೆಯನ್ನು ನಂಬಿ, ಅಡ್ಡವಿಟ್ಟ ಕಾಲನ್ನು ಒಳಗೆ ತೆಗೆದುಕೊಂಡು, ಬಾಗಿಲು ಮುಚ್ಚಲು ಬಿಟ್ಟೆ. ಒಮ್ಮೆ ಒಳಗಿನಿಂದ ನಾನೇ ತೆರೆದು ನೋಡುವ ಆಸೆ. ಹಿಡಿಕೆ ತಿರುಗಿಸಿದೆ. ತಿರುಗಿತು. ಇನ್ನೊಂದು ಸುತ್ತು ತಿರುಗಿತು. ಗಿರಗಿಟ್ಲೆಯ ಹಾಗೆ ಎಷ್ಟು ಬೇಕಾದರೂ ತಿರುಗುತ್ತಿತ್ತು. ಬಾಗಿಲು ಮಾತ್ರ ಅಲ್ಲಾಡಲಿಲ್ಲ.

ಗಂಟಲು ಸರಿಮಾಡಲು ಹೋದವನು ಒಂದನೆಯ ಸಲಕ್ಕೇ ನಿಲ್ಲಿಸಿದೆ.

"ಯಾರರ ಅದೀರೇನ್ರಿ? ಬಾಗಲಾ ತಗೀರಿ."

ಹೊರಗೆ ಹೆಜ್ಜೆಗಳು ನಿಂತವು. ಯಾರೋ ಎರಡು ಸಲ ಕೆಮ್ಮಿದರು.

"ಸುನೀಲ, ಆ ಹಿಡಿಕಿ ಬರೇ ತೋರಿಕಿಗೆ ಐತೋ. ತಡೀ, ಬಂದೆ."